ಒಂಬತ್ತೂವರೆ ಅಡಿಯ ಮೋಡ

ವಿಲ್ಫ್ ಟುಲಿಪ್‌ನ ಎದೆಯಲ್ಲಿ ಉಳಿದಿದ್ದ ಉಸಿರು, ಇರಬೇಕಾದದ್ದರಲ್ಲಿ ನೂರಕ್ಕೆ ನಲವತ್ತೊಂದು ಪಾಲು. ಇದು ಆಸ್ಪತ್ರೆಯ ಯಂತ್ರ ಕೊಟ್ಟ ಅಂಕಿ. ಅದೇ ಎದೆ ಇಂಗ್ಲೆಂಡಿನ ಡರ್ಹಮ್ ಸೀಮೆಗೆಲ್ಲ ಗಟ್ಟಿಯಾದದ್ದು ಎಂಬುದು ಪತ್ರಿಕೆ ಕೊಟ್ಟ ಸುದ್ದಿ. ಎರಡೂ ಅಚ್ಚಾದ ಕಾಗದಗಳೇ. ಭತ್ಯೆ ಕಚೇರಿ ಎರಡನ್ನೂ ಓದಿ, ಪತ್ರಿಕೆಯನ್ನು ನಂಬಿತು.

ಥಾರ್ನ್‌ಲಾದಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ನಲವತ್ತು ವರ್ಷವಾಗಿದೆ. ಗಣಿ ಹೋದರೂ ಗಣಿಯವರು ಹೋಗಿಲ್ಲ. ವಿಲ್ಫನೂ ಗಣಿಯವನೇ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹದಿನಾಲ್ಕು ತಿಂಗಳು ಇತ್ತು. ಅದರಲ್ಲಿ ಹನ್ನೆರಡು ತಿಂಗಳು ಮುಷ್ಕರ. ಉಳಿದ ಎರಡರಲ್ಲಿ ಐದು ವಾರ ಅವನು ನಿಜಕ್ಕೂ ನೆಲದಡಿ ಇಳಿದಿದ್ದ. ಆ ಐದು ವಾರದ ಕಥೆಗಳನ್ನು ನಲವತ್ತು ವರ್ಷದಿಂದ ಹೇಳುತ್ತಿದ್ದ, ಇನ್ನೂ ಮುಗಿದಿರಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ಸೋಫಾ ಕಾರ್ಖಾನೆಯಲ್ಲಿ ದಿಂಬಿಗೆ ಸ್ಪಂಜು ತುಂಬಿದ. ಅದರ ಬಗ್ಗೆ ಒಂದು ಕಥೆಯೂ ಇರಲಿಲ್ಲ. ಎದೆ ಕೆಟ್ಟದ್ದು ಗಣಿಯಿಂದಲ್ಲ, ಸ್ಪಂಜಿನಿಂದಲೂ ಅಲ್ಲ. ದಿನಕ್ಕೆ ನಲವತ್ತು ಸಿಗರೇಟಿನಿಂದ.

ಇಪ್ಪತ್ತು ಮೀಟರಿಗಿಂತ ಹೆಚ್ಚು ದೂರ ಅವನಿಂದ ನಡೆಯಲಾಗದು ಎಂದು ಮೂರು ವರ್ಷದ ಹಿಂದೆ ಕಚೇರಿ ಒಪ್ಪಿತ್ತು. ಹಾಗಾಗಿ ನಡೆಯಲಾಗದವರಿಗೆ ಸರ್ಕಾರ ಕೊಡುವ ಓಡಾಟದ ಭತ್ಯೆ, ಆ ಭತ್ಯೆಯ ಬದಲಿಗೆ ಒಂದು ಬೂದು ಬಣ್ಣದ ಕಾರು. ಕಾರನ್ನು ಓಡಿಸುವವಳು ಹೆಂಡತಿ ಗ್ಲೆನಿಸ್. ಹನ್ನೊಂದು ಕಿಲೋಮೀಟರ್ ಆಚೆಯ ಶಾಲೆಯೊಂದರಲ್ಲಿ ಅವಳದು ನೆಲ ಒರೆಸುವ ಕೆಲಸ. ಬೆಳಗ್ಗೆ ಐದೂಕಾಲಕ್ಕೆ ಅವಳು ಅಲ್ಲಿರಬೇಕು. ಆ ಹೊತ್ತಿಗೆ ಇದ್ದ ಒಂದೇ ಬಸ್ಸನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಕಾರಿದ್ದರೆ ಕೆಲಸ, ಕೆಲಸವಿದ್ದರೆ ಮನೆ. ಇಷ್ಟು ಸರಳ ಸಂಸಾರ.

ಆದರೆ ಕಾರು ಭತ್ಯೆಯದ್ದು ಎಂದು ಊರಿನ ಗಣಿಯವರ ಕ್ಲಬ್ಬಿನಲ್ಲಿ ಹೇಳುವುದು ಹೇಗೆ? ಗ್ಲೆನಿಸ್‌ಳ ಚಿಕ್ಕಮ್ಮ ಸಾಯುವಾಗ ಬಿಟ್ಟುಹೋದ ದುಡ್ಡಿನದ್ದು ಎಂದು ವಿಲ್ಫ್ ಹೇಳಿದ್ದ. ಆ ಚಿಕ್ಕಮ್ಮ ಈಗಲೂ ಗಟ್ಟಿಮುಟ್ಟಾಗಿ ಇದ್ದಾಳೆ. ಕ್ರಿಸ್ಮಸ್ಸಿಗೆ ಬರಬೇಡ ಎಂದು ವಿಲ್ಫ್ ಪ್ರತಿ ವರ್ಷ ಅವಳಿಗೆ ಒಂದೊಂದು ಕಾರಣ ಬರೆಯುತ್ತಾನೆ.

ಆ ಊರಿನ ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡಬೇಕು. ‘ಹೇಗಿದ್ದೀಯ?’ ಎಂದು ಕೇಳಿದರೆ ಥಾರ್ನ್‌ಲಾದವನ ಉತ್ತರ ಒಂದೇ: ‘ಚೆನ್ನಾಗಿದ್ದೀನಿ, ದೂರೋ ಹಾಗೇನಿಲ್ಲ.’ ಕಾಲು ಕತ್ತರಿಸಿಕೊಂಡವನೂ ಹಾಗೇ ಅನ್ನುತ್ತಾನೆ. ವಿಲ್ಫನ ಅಪ್ಪ ಆ ಮಾತು ಹೇಳಿ ಹತ್ತು ನಿಮಿಷಕ್ಕೆ ತೀರಿಕೊಂಡಿದ್ದ.

ಸಿಗರೇಟು ಬಿಡಿಸಲು ಆಸ್ಪತ್ರೆಯ ನರ್ಸು ವಿಲ್ಫನಿಗೆ ಒಂದು ಇ-ಸಿಗರೇಟು ಕೊಟ್ಟಳು. ಪೆನ್ನಿನಷ್ಟು ಸಣ್ಣದು. ಅದರಿಂದ ಹೊರಡುತ್ತಿದ್ದ ಆವಿಯನ್ನು ಕ್ಲಬ್ಬಿನ ಕಾರ್ಯದರ್ಶಿ ಹೆಡ್ಲಿ ಸ್ಟೊಬಾರ್ಟ್ ಒಮ್ಮೆ ಕನ್ನಡಕ ಏರಿಸಿ ನೋಡಿ, “ಇದೇನೋ ಇದು, ಇಲಿ ಆಕಳಿಸಿದಂಗೆ ಇದೆಯಲ್ಲೋ!” ಅಂದ. ಇಡೀ ಕ್ಲಬ್ಬು ನಕ್ಕಿತು. ಗಣಿಯವನಾದ ವಿಲ್ಫ್ ಅದನ್ನು ಹೇಗೆ ಸಹಿಸಬೇಕು? ಮಾರನೆಯ ದಿನವೇ ಇ-ಸಿಗರೇಟು ಮಾರುವ ಜೋಲೀನಳ ಅಂಗಡಿಯೆದುರು ಕಾರಿನಿಂದಿಳಿದ.

ಜೋಲೀನಳಿಗೆ ಮೂವತ್ತು ವರ್ಷ. ಗಿರಾಕಿ ಅಜ್ಜನಾದರೂ ಅವಳ ಬಾಯಲ್ಲಿ ‘ರಾಜಾ’.

“ದ್ರವದಲ್ಲಿ ಮುಖ್ಯವಾಗಿ ಎರಡು ಇರ್ತವೆ ರಾಜಾ. ಒಂದು ತೆಳು, ಗಂಟಲಿಗೆ ಚುರುಕು ಮುಟ್ಟಿಸತ್ತೆ. ಇನ್ನೊಂದು ಗ್ಲಿಸರಿನ್, ಪಾಕದ ಥರ ಮಂದ. ಮೋಡ ಏಳೋದು ಆ ಮಂದದ್ದರಿಂದ. ನಿನ್ನ ಪೆನ್ನಲ್ಲಿ ಅರ್ಧಕ್ಕರ್ಧ. ನನ್ನ ಈ ಬಾಟ್ಲಿಯಲ್ಲಿ ನೂರಕ್ಕೆ ಎಂಬತ್ತು.”

“ಅಷ್ಟೇನಾ?”

“ಅಷ್ಟೇ ಆಗಿದ್ರೆ ನಾನ್ಯಾಕೆ ಅಂಗಡಿ ಇಡ್ತಿದ್ದೆ? ಮಂದದ್ದನ್ನ ಕಾಯಿಸೋಕೆ ದೊಡ್ಡ ಒಲೆ ಬೇಕು. ನಿನ್ನದು ಹನ್ನೆರಡು ವ್ಯಾಟು, ಮೇಣದಬತ್ತಿ. ಇದು ನೂರ ಇಪ್ಪತ್ತು.” ಅವಳು ಇಟ್ಟಿಗೆಯಂಥ ಒಂದು ಯಂತ್ರವನ್ನು ಮೇಜಿನ ಮೇಲಿಟ್ಟಳು. “ಒಳಗೆ ಸುರುಳಿ ತಂತಿ ದಪ್ಪ, ತಡೆ ಕಮ್ಮಿ, ಬೇಗ ಕಾಯತ್ತೆ. ಸುತ್ತ ಹತ್ತಿ. ಹತ್ತಿ ಹತ್ತು ನಿಮಿಷ ನೆನೀಬೇಕು. ಒಣಗಿದ್ದಾಗ ಎಳೆದ್ಯೋ, ಸುಟ್ಟ ಚಾಪೆ ತಿಂದಂಗಿರತ್ತೆ.”

“ದಮ್ಮು? ದಮ್ಮು ಬೇಡ್ವಾ?”

“ದಮ್ಮು ಕೊನೇದು. ಇದ್ರೆ ಒಳ್ಳೇದೇ. ಆದ್ರೆ ಈ ಗಾಳಿ ಕಿಂಡಿ ಪೂರ್ತಿ ತೆರೆದಿಟ್ರೆ ಎಳೆಯೋ ಶ್ರಮಾನೇ ಇಲ್ಲ. ಎರಡು ಸೆಕೆಂಡು ಸಾಕು. ಆಮೇಲೆ ಹೊರಗಿನ ಗಾಳಿ ತಣ್ಣಗೆ, ತೇವವಾಗಿ, ಅಲ್ಲಾಡದೆ ಇರಬೇಕು. ಮೋಡ ಹಾಗೇ ನಿಲ್ಲತ್ತೆ. ಕೆಟಲ್ಲಿನಿಂದ ಆವಿ ಬಂದ್ರೆ ಹೊಗಳಿಕೆ ಕೆಟಲ್ಲಿಗೆ ರಾಜಾ, ಹಿಡಕೊಂಡವನಿಗಲ್ಲ.”

ಈ ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ವಿಲ್ಫ್ ನೆನಪಿಟ್ಟುಕೊಂಡ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ತರಕಾರಿ ಪ್ರದರ್ಶನ. ಈರುಳ್ಳಿ ಜಾತಿಯ, ತೊಡೆಯಷ್ಟು ದಪ್ಪದ ಲೀಕ್‌ದಂಟು ಬೆಳೆದು, ಅಳೆದು, ಬಹುಮಾನದ ಕಪ್ಪು ಗೆಲ್ಲುವುದು ಗಣಿಯವರ ನೂರು ವರ್ಷದ ಹುಚ್ಚು. ಆದರೆ ಬೆಳೆಯುವವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋಗಿದ್ದರು. ಆ ವರ್ಷ ಮೇಜಿನ ಮೇಲಿದ್ದದ್ದು ಎರಡೇ ದಂಟು. ಎರಡಕ್ಕೂ ತುಕ್ಕು ರೋಗ. ಕಪ್ಪು ಖಾಲಿ ಹೋಗಬಾರದೆಂದು ಹೆಡ್ಲಿ ಹೊಸ ಸ್ಪರ್ಧೆ ಸಾರಿದ: ಇ-ಸಿಗರೇಟಿನಿಂದ ಎಲ್ಲರಿಗಿಂತ ಉದ್ದದ ಮೋಡ ಬಿಡುವುದು. ಅಳೆಯಲು ದಂಟಿನದೇ ಹಲಗೆ, ದಂಟಿನದೇ ಟೇಪು, ಬಿಳಿ ಕೋಟು ತೊಟ್ಟ ಹೆಡ್ಲಿಯೇ ತೀರ್ಪುಗಾರ.

ಆರು ಮಂದಿ ಸ್ಪರ್ಧಿಗಳು. ಐವರು ಕ್ಲಬ್ಬಿನ ಸಭಾಂಗಣದಲ್ಲಿ ಮೋಡ ಬಿಟ್ಟರು. ಹೀಟರು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಜನ ಬಾಗಿಲು ತೆಗೆಯುತ್ತ ಮುಚ್ಚುತ್ತ ಇದ್ದರು. ಎಲ್ಲಕ್ಕಿಂತ ದೊಡ್ಡ ಮೋಡ ನಾಲ್ಕಡಿ ದಾಟಲಿಲ್ಲ. ಐದನೆಯವನ ಹೊತ್ತಿಗೆ, ಹೊಗೆ ಕಂಡರೆ ತಾನೇ ಬಾರಿಸುವ ಬೆಂಕಿಗಂಟೆ ಹೊಡೆದುಕೊಂಡಿತು. ಉಳಿದವನು ವಿಲ್ಫ್ ಒಬ್ಬ. ಗಂಟೆಯಿಲ್ಲದ ಜಾಗವೆಂದರೆ ಬೀರಿನ ಪೀಪಾಯಿಗಳ ನೆಲಮಾಳಿಗೆ. ಹದಿನಾಲ್ಕು ಮೆಟ್ಟಿಲು. ವಿಲ್ಫ್ ಮೆಟ್ಟಿಲುಗಳನ್ನು ನೋಡಿ, “ನನ್ನ ಬೂಟು ಹೊಸದು, ಜಾರತ್ತೆ,” ಅಂದ. ಪೀಪಾಯಿ ಇಳಿಸುವ ಹಲಗೆಯ ಮೇಲೆ ಅವನನ್ನು ಕೂರಿಸಿ, ಹಗ್ಗ ಬಿಟ್ಟು, ಚಕ್ರವರ್ತಿಯನ್ನು ಇಳಿಸಿದ ಹಾಗೆ ಇಳಿಸಿದರು.

ಕೆಳಗೆ ಹನ್ನೊಂದು ಡಿಗ್ರಿ ತಂಪು. ಗೋಡೆಯಲ್ಲಿ ತೇವ ಜಿನುಗುತ್ತಿತ್ತು. ಒಂದು ಎಳೆ ಗಾಳಿಯೂ ಅಲ್ಲಾಡುತ್ತಿರಲಿಲ್ಲ. ವಿಲ್ಫ್ ಎರಡು ಸೆಕೆಂಡು ಎಳೆದು, ಬಿಟ್ಟ. ಬೆಳ್ಳಗಿನ ಮೋಡವೊಂದು ಬಾಯಿಂದ ಹೊರಟು, ಪೀಪಾಯಿಗಳ ಮೇಲೆ ಎಮ್ಮೆಯಂತೆ ಮಲಗಿ, ಏಳಲೇ ಇಲ್ಲ. ಹೆಡ್ಲಿ ಅದರ ಉದ್ದಕ್ಕೂ ಟೇಪು ಹಿಡಿದು ತೆವಳಿದ.

“ಒಂಬತ್ತೂವರೆ ಅಡಿ!” ಎಂದು ಮೋಡದ ಆ ತುದಿಯಿಂದ ಕೂಗು ಬಂತು. “ಲೇ ವಿಲ್ಫ್, ಬದುಕಿದೀಯೇನೋ?”

“ಚೆನ್ನಾಗಿದ್ದೀನಿ, ದೂರೋ ಹಾಗೇನಿಲ್ಲ,” ಎಂದು ಈ ತುದಿಯಿಂದ ಉತ್ತರ.

ಪ್ರದರ್ಶನದ ವರದಿಗೆಂದು ಬಂದಿದ್ದ ಪತ್ರಕರ್ತೆ ದಂಟುಗಳನ್ನು ನೋಡಿ ಬೇಸತ್ತಿದ್ದಳು. ಗುಟ್ಟೇನು ಎಂದು ಕೇಳಿದಳು. ಗ್ಲಿಸರಿನ್ ಎನ್ನಬಹುದಿತ್ತು. ಸುರುಳಿ, ವ್ಯಾಟು, ನೆಲಮಾಳಿಗೆಯ ತಂಪು ಎನ್ನಬಹುದಿತ್ತು. ಆದರೆ ಮೆಟ್ಟಿಲಿನುದ್ದಕ್ಕೂ ಇಡೀ ಕ್ಲಬ್ಬು ಕತ್ತು ಚಾಚಿ ನಿಂತಿತ್ತು.

“ಗಣಿಯವನ ಎದೆ ಕಣಮ್ಮಾ,” ಅಂದ ವಿಲ್ಫ್. “ಕಲ್ಲಿದ್ದಲ ಧೂಳು ಕುಡಿದ ಎದೆಗೆ ಈ ಸಕ್ಕರೆ ಹೊಗೆ ಯಾವ ಲೆಕ್ಕ?”

ಗುರುವಾರದ ಪತ್ರಿಕೆಯಲ್ಲಿ ಮೂರನೆಯ ಪುಟದ ತುಂಬ ಮೋಡ. ಮೋಡದ ಮೇಲೆ ವಿಲ್ಫನ ಟೊಪ್ಪಿ. ಕೆಳಗೆ ತಲೆಬರಹ: ‘ಗಣಿ ಮುಚ್ಚಿತು, ಎದೆ ಮುಚ್ಚಿಲ್ಲ.’

ಹದಿನೈದು ದಿನ ವಿಲ್ಫ್ ಸುಖವಾಗಿದ್ದ. ದಂಟಿನ ವಿಜೇತರ ಫಲಕದಲ್ಲಿ ಅವನ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆಸಿದರು. ಗ್ಲೆನಿಸ್ ಪತ್ರಿಕೆಯನ್ನು ಒಮ್ಮೆ ಓದಿ, ಇನ್ನೊಮ್ಮೆ ಓದಿ, ಮಡಿಸಿ ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟಳು.

“ಇದನ್ನ ಯಾರ್ಯಾರು ಓದ್ತಾರೆ ವಿಲ್ಫ್?” ಎಂದು ಮಾತ್ರ ಕೇಳಿದಳು.

“ಎಲ್ರೂ ಓದ್ತಾರೆ!”

“ಅದೇ ನನ್ನ ಭಯ.”

ಕಂದು ಬಣ್ಣದ ಲಕೋಟೆ ಬಂದದ್ದು ಅಕ್ಟೋಬರಿನ ಮೊದಲ ಸೋಮವಾರ. ಕಂದು ಲಕೋಟೆಯಲ್ಲಿ ಯಾರಿಗೂ ಒಳ್ಳೆಯ ಸುದ್ದಿ ಬಂದದ್ದಿಲ್ಲ. ಒಳಗೆ ಪತ್ರಿಕೆಯ ತುಣುಕಿನ ನಕಲು, ಜೊತೆಗೆ ಒಂದು ಕಾಗದ. ತಮ್ಮ ಸ್ಥಿತಿ ಸುಧಾರಿಸಿರಬಹುದೆಂಬ ಮಾಹಿತಿ ಬಂದಿರುವುದರಿಂದ ಓಡಾಟದ ಭತ್ಯೆಯನ್ನು ಮರುಪರಿಶೀಲಿಸಲಾಗುವುದು. ಇಂಥ ದಿನ ಖುದ್ದಾಗಿ ಹಾಜರಾಗತಕ್ಕದ್ದು.

ವಿಲ್ಫ್ ಅದನ್ನು ಬಾಗಿಲಲ್ಲೇ ನಿಂತು ಓದಿದ. ಪಕ್ಕದ ಮನೆಯ ನೋರಾ ಹೆಸ್ಲಾಪ್ ಹಾಲಿನ ಬಾಟ್ಲಿ ಎತ್ತಿಕೊಳ್ಳಲು ಬಂದವಳು, ಬಾಟ್ಲಿಯನ್ನು ಮರೆತು ನಿಂತಳು.

“ಏನ್ ವಿಲ್ಫ್, ಸರ್ಕಾರದ್ದಾ?”

ಭತ್ಯೆಯ ಮಾತೆತ್ತಿದರೆ ‘ಸತ್ತ’ ಚಿಕ್ಕಮ್ಮ ಬದುಕಿಬರುತ್ತಾಳೆ. “ಹೂಂ. ಆ ಮೋಡದ ವಿಷಯ ವಿಚಾರಿಸ್ತಿದಾರೆ,” ಅಂದ. ಅಕ್ಷರಶಃ ನಿಜ.

“ವಿಚಾರಿಸೋದಂದ್ರೆ? ಸುಳ್ಳು ಅಂತಾರಾ?”

“ಅವರಿಗೆ ಏನೋ ಅನುಮಾನ.” ಇದೂ ನಿಜವೇ.

ನೋರಾ ಹಾಲಿನ ಬಾಟ್ಲಿಯನ್ನು ಅಲ್ಲೇ ಬಿಟ್ಟು ಕ್ಲಬ್ಬಿಗೆ ನಡೆದಳು. ಮಧ್ಯಾಹ್ನದ ಹೊತ್ತಿಗೆ ಥಾರ್ನ್‌ಲಾಕ್ಕೆಲ್ಲ ಗೊತ್ತಾಗಿತ್ತು: ಲಂಡನ್ನಿನವರು ನಮ್ಮ ಊರಿನ ಮೋಡವನ್ನು ನಂಬುವುದಿಲ್ಲವಂತೆ. ನಲವತ್ತು ವರ್ಷದ ಹಿಂದೆ ಇದೇ ಲಂಡನ್ನಿನವರು ಇದೇ ಊರಿನ ಗಣಿಯಲ್ಲಿ ಕಲ್ಲಿದ್ದಲು ಉಳಿದಿದೆ ಎಂಬುದನ್ನೂ ನಂಬಿರಲಿಲ್ಲ. ಹಳೆಯ ಗಾಯ. ಹೆಡ್ಲಿ ಬಿಳಿ ಕೋಟು ತೊಟ್ಟು, ಮುಷ್ಕರದ ಕಾಲದ ಬೆರಳಚ್ಚು ಯಂತ್ರವನ್ನು ಅಟ್ಟದಿಂದ ಇಳಿಸಿದ.

ಈ ಕಡೆ ಟುಲಿಪ್ ಮನೆಯ ಅಡುಗೆಮನೆಯಲ್ಲಿ ಬೇರೆ ತಯಾರಿ ನಡೆಯುತ್ತಿತ್ತು.

“ಮೊದಲು ಹೇಗಿದ್ದೀರಿ ಅಂತ ಕೇಳ್ತಾರೆ,” ಅಂದಳು ಗ್ಲೆನಿಸ್. “ಏನ್ ಹೇಳ್ತೀಯ?”

“ಚೆನ್ನಾಗಿದ್ದೀನಿ, ದೂರೋ ಹಾಗೇನಿಲ್ಲ.”

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. “ಇನ್ನೊಂದ್ಸಲ. ಹೇಗಿದ್ದೀರಿ?”

“ಚೆನ್ನಾಗಿ... ಅಲ್ಲ... ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ ಕಾರು ಹೋಯ್ತು. ಹೇಗಿದ್ದೀರಿ?”

“ಇದೀನಲ್ಲ ಏನೋ.”

“ವಿಲ್ಫ್, ನೀನು ಮನೆಯಿಂದ ಗೇಟಿಗೆ ಹೋಗೋಕೆ ಎರಡು ಸಲ ನಿಲ್ತೀಯ. ರಾತ್ರಿ ಕೂತ್ಕೊಂಡು ನಿದ್ದೆ ಮಾಡ್ತೀಯ. ನಾನು ನಾಲ್ಕು ಗಂಟೆಗೆ ಎದ್ದು ನೀನು ಉಸಿರಾಡ್ತಿದೀಯಾ ಅಂತ ನೋಡಿ ಕೆಲಸಕ್ಕೆ ಹೋಗ್ತೀನಿ. ಇದನ್ನ ಹೇಳೋಕೇನು ರೋಗ ನಿಂಗೆ?”

ಹದಿನೆಂಟನೆಯ ಸಲಕ್ಕೆ ವಿಲ್ಫ್, ಕಳ್ಳತನ ಒಪ್ಪಿಕೊಂಡವನ ಧ್ವನಿಯಲ್ಲಿ, “ಚೆನ್ನಾಗಿಲ್ಲ,” ಅಂದ. ಗ್ಲೆನಿಸ್ ಅವನಿಗೆ ಒಂದು ಬಿಸ್ಕತ್ತು ಕೊಟ್ಟಳು.

ಹಾಜರಾತಿಗೆ ಜೊತೆಯಲ್ಲಿ ಒಬ್ಬರನ್ನು ಮಾತ್ರ ಕರೆತರಬಹುದಿತ್ತು. ಎದೆಗೂ ಮೋಡಕ್ಕೂ ಸಂಬಂಧವಿಲ್ಲ ಎಂದು ವಿವರಿಸಬಲ್ಲವರು ಬೇಕಲ್ಲ? ಗ್ಲೆನಿಸ್ ತನ್ನ ಜಾಗವನ್ನು ಜೋಲೀನಳಿಗೆ ಬಿಟ್ಟುಕೊಟ್ಟು, ತಾನು ಕಾರಿನಲ್ಲೇ ಉಳಿದಳು. ಕಾರು ನಿಲ್ಲಿಸುವ ಜಾಗದಿಂದ ಕಚೇರಿಯ ಬಾಗಿಲಿಗೆ ಅರವತ್ತು ಮೀಟರ್. ಇಪ್ಪತ್ತು ಮೀಟರ್ ನಡೆಯಲಾಗದವರನ್ನು ಪರೀಕ್ಷಿಸುವ ಕಚೇರಿಯನ್ನು ಅರವತ್ತು ಮೀಟರ್ ದೂರ ಇಟ್ಟವರು ಮೂರ್ಖರೆಂದು ಯಾರೂ ತಿಳಿಯಬಾರದು. ಎರಡು ಕಂಬ, ಒಂದು ಕಸದ ಡಬ್ಬಿ, ಒಂದು ಗೋಡೆ, ಕೊನೆಗೆ ಜೋಲೀನಳ ಹೆಗಲು, ಇಷ್ಟನ್ನು ಆಸರೆ ಹಿಡಿದು ವಿಲ್ಫ್ ಹನ್ನೆರಡು ನಿಮಿಷದಲ್ಲಿ ಬಾಗಿಲು ತಲುಪಿದ. ಒಳಗೆ ಕಿಟಕಿಯ ಬಳಿ ನಿಂತಿದ್ದ ಪಿಕರ್ಸ್‌ಗಿಲ್ ಎಂಬ ಪರೀಕ್ಷಕರು ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದರು: ‘ಕಾರಿನಿಂದ ಬಾಗಿಲವರೆಗೆ ನಡೆದು ಬಂದರು.’

“ಬನ್ನಿ ಟುಲಿಪ್ ಅವರೇ. ಹೇಗಿದ್ದೀರಿ?”

ವಿಲ್ಫನ ಬಾಯಿ ತೆರೆಯಿತು. ಜೋಲೀನ್ ಮೇಜಿನಡಿ ಅವನ ಕಾಲು ತುಳಿದಳು.

“ಚೆನ್ನಾಗಿ... ಲ್ಲ,” ಅಂದ ವಿಲ್ಫ್, ಬೆವರೊರೆಸಿಕೊಳ್ಳುತ್ತ.

ಪಿಕರ್ಸ್‌ಗಿಲ್ ಕೆಟ್ಟ ಮನುಷ್ಯರಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುವವರು. ಅವರು ಎರಡು ಬೆರಳಲ್ಲಿ ದಪ್ಪನೆಯ ಕಾಗದದ ಕಟ್ಟೊಂದನ್ನು ಎತ್ತಿ ಹಿಡಿದರು. “ನಿಮ್ಮ ಊರಿನಿಂದ ಇದು ಬಂದಿದೆ. ಅರವತ್ಮೂರು ಸಹಿ. ನಿಮಗೆ ಗೊತ್ತಿರಬೇಕಲ್ಲ?”

ವಿಲ್ಫನಿಗೆ ಗೊತ್ತಿರಲಿಲ್ಲ. ಪಿಕರ್ಸ್‌ಗಿಲ್ ಓದಿದರು:

“‘ಕೆಳಗೆ ಸಹಿ ಮಾಡಿದ ನಾವು ಪ್ರಮಾಣ ಮಾಡಿ ತಿಳಿಸುವುದೇನೆಂದರೆ, ಸದರಿ ಮೋಡವು ಸದರಿ ವಿಲ್ಫ್ ಟುಲಿಪ್‌ನ ಸ್ವಂತ ಎದೆಯಿಂದ, ಹೊರಗಿನ ಯಾವ ನೆರವೂ ಇಲ್ಲದೆ ಹೊರಟಿದ್ದು. ಆತ ಕುದುರೆಯಂತೆ ಗಟ್ಟಿ. ಈ ಊರಿನಲ್ಲಿ ಎಂದೂ ಯಾವ ಕಾಯಿಲೆಯನ್ನೂ ದೂರಿದವನಲ್ಲ. ಯಾವಾಗ ಕೇಳಿದರೂ ಚೆನ್ನಾಗಿದ್ದೀನಿ ಎಂದೇ ಹೇಳುತ್ತಾನೆ. ನಮ್ಮ ಗಣಿಯನ್ನು ಕಿತ್ತುಕೊಂಡಿರಿ, ನಮ್ಮ ಮೋಡವನ್ನು ಕಿತ್ತುಕೊಳ್ಳಲು ಬಿಡೆವು.’ ಇದರಲ್ಲಿ ನೋರಾ ಹೆಸ್ಲಾಪ್ ಎಂಬವರು ತೀರಿಕೊಂಡ ಗಂಡನ ಪರವಾಗಿಯೂ ಸಹಿ ಮಾಡಿದ್ದಾರೆ.”

“ಅಯ್ಯೋ ದೇವರೇ!” ಅಂದಳು ಜೋಲೀನ್. “ಸಾರ್, ಈ ಅರವತ್ಮೂರು ಜನರಲ್ಲಿ ಒಬ್ಬರಿಗೂ ಸುರುಳಿ ಅಂದ್ರೇನು ಅಂತ ಗೊತ್ತಿಲ್ಲ. ಮೋಡ ಎದೆಯದ್ದಲ್ಲ ಸಾರ್, ಕೆಟಲ್ಲಿನದ್ದು!” ಎಂದು ಶುರುಮಾಡಿ ಗ್ಲಿಸರಿನ್, ವ್ಯಾಟು, ಹತ್ತಿ, ಕಿಂಡಿ, ತಂಪು, ತೇವ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಅವಳ ಎದೆಯ ಬಗ್ಗೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

“ಇದಕ್ಕೆ ಆಧಾರ?” ಪಿಕರ್ಸ್‌ಗಿಲ್ ಕೇಳಿದರು.

ಜೋಲೀನ್ ಚೀಲದಿಂದ ಇಟ್ಟಿಗೆಯಂಥ ಯಂತ್ರವನ್ನು ತೆಗೆದಳು. “ನೀವೇ ಎಳೆದು ನೋಡಿ. ಹತ್ತಿ ನೆನೆಸೇ ತಂದಿದೀನಿ. ನೀವೇನು ಗಣಿಯವರಲ್ಲ ತಾನೇ?”

ಪಿಕರ್ಸ್‌ಗಿಲ್ ಎಂದೂ ಸಿಗರೇಟು ಮುಟ್ಟಿದವರಲ್ಲ. ಆದರೆ ಆಧಾರವನ್ನು ಪರೀಕ್ಷಿಸದೆ ಬಿಟ್ಟವರೂ ಅಲ್ಲ. ಆ ಕೋಣೆ ಎಂಟಡಿಗೆ ಹತ್ತಡಿ. ಕಿಟಕಿ ತೆರೆಯದಂತೆ ಮೊಳೆ ಹೊಡೆದಿತ್ತು. ಹೀಟರು ಕೆಟ್ಟು ವಾರವಾಗಿತ್ತು. ಮೂಲೆಯಲ್ಲಿ ಛಾವಣಿ ಸೋರಿ ಬಕೆಟ್ ಇಟ್ಟಿದ್ದರು. ಥಾರ್ನ್‌ಲಾ ಕ್ಲಬ್ಬಿನ ನೆಲಮಾಳಿಗೆಗೂ ಆ ಸರ್ಕಾರಿ ಕೋಣೆಗೂ ಒಂದೇ ವ್ಯತ್ಯಾಸ: ಇಲ್ಲಿ ಬೀರಿರಲಿಲ್ಲ. ಪರೀಕ್ಷಕರು ಯಂತ್ರವನ್ನು ಕೊಳಲಿನಂತೆ ಹಿಡಿದು ಎರಡು ಸೆಕೆಂಡು ಎಳೆದು, ಕೆಮ್ಮಿದರು.

ಮೊದಲು ಮೇಜು ಮಾಯವಾಯಿತು. ಆಮೇಲೆ ಕಂಪ್ಯೂಟರು. ಆಮೇಲೆ ಪಿಕರ್ಸ್‌ಗಿಲ್.

“ನೋಡಿದ್ರಾ!” ಎಂದು ಜೋಲೀನ್ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅದರ ಬೆನ್ನಿಗೇ ಬೆಂಕಿಗಂಟೆ.

ನಿಯಮ ನಿಯಮವೇ. ಗಂಟೆ ಹೊಡೆದರೆ ಕಟ್ಟಡ ಖಾಲಿಯಾಗಬೇಕು. ಪಿಕರ್ಸ್‌ಗಿಲ್ ಹಾಜರಿ ಪಟ್ಟಿ ಹಿಡಿದು ಓಡಿದರು. ಬೆಂಕಿಯಿಲ್ಲ ಎಂದು ಹೇಳಿಬರಲು ಜೋಲೀನ್ ಓಡಿದಳು. ಕಾವಲಿನವನು ಅವಳನ್ನು ಹೊರಗೆ ಬಿಟ್ಟ, ಮತ್ತೆ ಒಳಗೆ ಬಿಡಲಿಲ್ಲ. ಊರುಗೋಲಿನವರು, ಗಾಲಿಕುರ್ಚಿಯವರು, ಬೆನ್ನು ಹಿಡಿದವರು ಎಲ್ಲರೂ ಒಬ್ಬರನ್ನೊಬ್ಬರು ಎಳೆದುಕೊಂಡು ಅಂಗಳಕ್ಕೆ ಬಂದರು.

ವಿಲ್ಫ್ ಎದ್ದು ನಿಂತ. ಮೇಜಿನ ಅಂಚು ಹಿಡಿದು ಮೂರು ಹೆಜ್ಜೆ ಇಟ್ಟ. ಬಾಗಿಲು ಕಾಣಲಿಲ್ಲ. ಅರವತ್ತು ಮೀಟರಿಗೆ ಆಗಲೇ ಉಸಿರೆಲ್ಲ ಕೊಟ್ಟಾಗಿತ್ತು. ಕೈಗೆ ಸಿಕ್ಕ ಪಿಕರ್ಸ್‌ಗಿಲ್ಲರ ಗಾಲಿಯ ಕುರ್ಚಿಯಲ್ಲಿ ಕೂತುಬಿಟ್ಟ.

ಅಂಗಳದಲ್ಲಿ ಗ್ಲೆನಿಸ್ ಒಂದೊಂದೇ ಮುಖ ನೋಡುತ್ತ ಬಂದವಳು ಪಿಕರ್ಸ್‌ಗಿಲ್ಲರ ತೋಳು ಹಿಡಿದಳು. “ನನ್ನ ಗಂಡ ಎಲ್ಲಿ?”

“ಎಲ್ಲರೂ ಹೊರಬಂದಿದ್ದಾರೆ ಅಮ್ಮಾ.”

“ಬಂದಿಲ್ಲ! ಅವನಿಗೆ ನಡೆಯೋಕಾಗಲ್ಲ! ಅದಕ್ಕೇ ಅಲ್ವೇನ್ರೀ ನಾವು ಇಲ್ಲಿಗೆ ಬಂದಿರೋದು!”

ಪಿಕರ್ಸ್‌ಗಿಲ್ ಪಟ್ಟಿ ನೋಡಿದರು. ಪಟ್ಟಿಯಲ್ಲಿ ಟುಲಿಪ್‌ನ ಹೆಸರಿನ ಮುಂದೆ ಆಗಲೇ ಗುರುತು ಬಿದ್ದಿತ್ತು. ಓಡುವ ಅವಸರದಲ್ಲಿ ಅವರು ಎಲ್ಲ ಹೆಸರಿಗೂ ಹಾಕಿದ್ದರು.

ಹದಿನಾಲ್ಕು ನಿಮಿಷದ ಮೇಲೆ ಅಗ್ನಿಶಾಮಕದವರು ಬಂದರು. ಮೋಡ ಸೀಳಿಕೊಂಡು ಎತ್ತರದ ಆಳೊಬ್ಬ ಒಳಬಂದು, ಕುರ್ಚಿಯಲ್ಲಿ ಕೂತಿದ್ದ ಟೊಪ್ಪಿಯನ್ನು ಕಂಡು ಬಗ್ಗಿದ. ಅವನೂ ಅದೇ ಸೀಮೆಯವನು, ಮಾತಿನಲ್ಲೇ ಗೊತ್ತಾಗುತ್ತಿತ್ತು.

“ಏನಜ್ಜಾ, ಹೇಗಿದ್ದೀಯ?”

ಹದಿನೆಂಟು ಸಲದ ಅಭ್ಯಾಸ ಒಂದು ಕಡೆ, ಅರವತ್ತೆರಡು ವರ್ಷದ ಅಭ್ಯಾಸ ಒಂದು ಕಡೆ. ಮೇಜಿನಡಿ ತುಳಿಯಲು ಜೋಲೀನಳ ಕಾಲೂ ಇರಲಿಲ್ಲ.

“ಚೆನ್ನಾಗಿದ್ದೀನಿ ಮಗಾ,” ಅಂದ ವಿಲ್ಫ್, “ದೂರೋ ಹಾಗೇನಿಲ್ಲ.”

ಅಗ್ನಿಶಾಮಕದವನು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಕುರ್ಚಿ ಸಮೇತ ವಿಲ್ಫನನ್ನು ತಳ್ಳಿಕೊಂಡು ಹೊರಬಂದ. ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದೊಡನೆ ವಿಲ್ಫ್ ಟೊಪ್ಪಿ ಎತ್ತಿದ. ಗ್ಲೆನಿಸ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ತೀರ್ಪಿನ ಕಂದು ಲಕೋಟೆ ನವೆಂಬರಿನಲ್ಲಿ ಬಂತು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅರ್ಜಿದಾರರು ಕಾರಿನಿಂದ ಬಾಗಿಲವರೆಗೆ, ಅಂದರೆ ಅರವತ್ತು ಮೀಟರ್, ನಡೆದು ಬಂದರು. ದಟ್ಟ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಹದಿನಾಲ್ಕು ನಿಮಿಷ, ಗಾಬರಿಯಾಗದೆ, ಸಹಾಯಕ್ಕೆ ಕೂಗದೆ ಕುಳಿತಿದ್ದರು. ತಾವು ಚೆನ್ನಾಗಿರುವುದಾಗಿ ಅಗ್ನಿಶಾಮಕ ಅಧಿಕಾರಿಗೆ ತಿಳಿಸಿದರು. ಹೊರಬರುವಾಗ ಉತ್ಸಾಹದಿಂದಿದ್ದರು. ಪ್ರಾತ್ಯಕ್ಷಿಕೆಯಲ್ಲಿ ಸಾಮಾನ್ಯ ಆರೋಗ್ಯದ ವ್ಯಕ್ತಿಯೊಬ್ಬರು ಅಂಥದೇ ಮೋಡ ಉಂಟುಮಾಡಿದ್ದರಿಂದ, ಅರ್ಜಿದಾರರ ಎದೆಯೂ ಸಾಮಾನ್ಯ ಆರೋಗ್ಯದ್ದೆಂದು ಊಹಿಸಲು ಅವಕಾಶವಿದೆ. ಅರವತ್ಮೂರು ಮಂದಿ ಗ್ರಾಮಸ್ಥರ ಹೇಳಿಕೆಯೂ ಇದನ್ನೇ ಸಮರ್ಥಿಸುತ್ತದೆ. ಭತ್ಯೆ ನಿಲ್ಲಿಸಲಾಗಿದೆ. ಕಾರನ್ನು ಎಂಟು ವಾರದೊಳಗೆ ಹಿಂತಿರುಗಿಸತಕ್ಕದ್ದು.

ಗ್ಲೆನಿಸ್ ಫೋನು ಮಾಡಿದಳು. ನನ್ನ ಗಂಡನಿಗೆ ನಡೆಯೋಕಾಗಲ್ಲ ಅಂತ ನಾನು ಅಂಗಳದಲ್ಲಿ ಅರಚಿದ್ದು ಯಾಕೆ ಬರೆದಿಲ್ಲ ಎಂದು ಕೇಳಿದಳು. ಅದು ಸಂದರ್ಶನದ ಹೊರಗೆ ಆಡಿದ ಮಾತು ಎಂದು ಆ ಕಡೆಯವಳು ಮರ್ಯಾದೆಯಿಂದಲೇ ಹೇಳಿದಳು. ಮೇಲ್ಮನವಿ ಹಾಕಬಹುದು. ಸರದಿ ಬರ‍ಲು ಹತ್ತು ತಿಂಗಳು.

ಕಾರು ಜನವರಿಯಲ್ಲಿ ಹೋಯಿತು. ಗ್ಲೆನಿಸ್ ಒಂಬತ್ತು ದಿನ ಸೈಕಲ್ಲಿನಲ್ಲಿ ಶಾಲೆಗೆ ಹೋದಳು. ಹತ್ತನೆಯ ದಿನ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಅವಳ ಪಾಳಿ ಕಾರಿದ್ದ ಇನ್ನೊಬ್ಬಳಿಗೆ ಹೋಯಿತು. ಶಾಲೆಯವರು ಒಳ್ಳೆಯ ಕಾರ್ಡೊಂದನ್ನು ಕಳಿಸಿದರು.

ಚಿಕ್ಕಮ್ಮನ ಕಾರು ಎಲ್ಲಿ ಹೋಯಿತೆಂದು ಕ್ಲಬ್ಬಿನಲ್ಲಿ ಯಾರೂ ಕೇಳಲಿಲ್ಲ. ಮೋಡದ ತೀರ್ಪು ಏನಾಯಿತು ಎಂದು ಮಾತ್ರ ಕೇಳಿದರು. ವಿಲ್ಫ್, “ಮೋಡ ನಿಜ ಅಂತ ಒಪ್ಪಿದಾರೆ,” ಅಂದ. ಹೆಡ್ಲಿ ಮೈಕಿನಲ್ಲಿ ಅದನ್ನು ಸಾರಿದ. ಲಂಡನ್ನಿನವರ ಮೇಲೆ ಥಾರ್ನ್‌ಲಾ ನಲವತ್ತು ವರ್ಷದಲ್ಲಿ ಗೆದ್ದ ಮೊದಲ ಜಗಳ ಅದು. ಮುದುಕರು ಮೇಜು ಗುದ್ದಿದರು, ಕೆಲವರು ಅತ್ತರು. ಮಣಿಕಟ್ಟು ಕೂಡಿಕೊಂಡ ಮೇಲೆ, ಊರಿನ ಹೆಮ್ಮೆಯ ಹೆಂಡತಿ ಮನೆಯಲ್ಲಿ ಕೂರಬಾರದೆಂದು ಹೆಡ್ಲಿ ಗ್ಲೆನಿಸ್‌ಗೆ ಕ್ಲಬ್ಬಿನಲ್ಲೇ ವಾರಕ್ಕೆ ಆರು ಗಂಟೆಯ ಕೆಲಸ ಕೊಟ್ಟ. ಗ್ಲಾಸು ತೊಳೆಯುವುದು, ನೆಲ ಒರೆಸುವುದು, ಶುಕ್ರವಾರ ವಿಜೇತರ ಫಲಕದ ಚಿನ್ನದ ಅಕ್ಷರಗಳನ್ನು ಉಜ್ಜುವುದು.

ಮಾರ್ಚಿನ ಅಂಥದೊಂದು ಶುಕ್ರವಾರ. ಚಳಿ ಇನ್ನೂ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಗಂಡ ಹೆಂಡತಿ ಕ್ಲಬ್ಬಿನಿಂದ ಮನೆಗೆ ಹೊರಟರು. ಮುನ್ನೂರು ಮೀಟರ್; ಹತ್ತೊಂಬತ್ತು ಗೇಟು. ವಿಲ್ಫ್ ಪ್ರತಿ ಗೇಟಿನ ಬಳಿಯೂ ನಿಂತ. ಪ್ರತಿ ಕಿಟಕಿಯಿಂದಲೂ ಯಾರೋ ಕೈಬೀಸಿದರು. ಉಸಿರು ಸಾಕಾಗದೆ ಅವನು ಕೈಯನ್ನಷ್ಟೇ ಎತ್ತಿದ.

“ನೋಡು, ಎಷ್ಟು ಜಂಭದಿಂದ ನಡೀತಾನೆ,” ಎಂದು ನಾಲ್ಕನೆಯ ಮನೆಯವನು ಹೆಂಡತಿಗೆ ಹೇಳಿದ್ದು ಕೇಳಿಸಿತು. “ಎಲ್ರೂ ನೋಡ್ಲಿ ಅಂತ ಗೇಟು ಗೇಟಿಗೂ ನಿಲ್ತಾನೆ.”

ಹದಿನೆಂಟನೆಯ ಗೇಟು ನೋರಾಳದ್ದು. ವಿಲ್ಫ್ ಎರಡು ಕೈಯಲ್ಲೂ ಕಂಬಿ ಹಿಡಿದು ಬಗ್ಗಿದ್ದ. ಬಾಯಿಂದ ಹೊರಟ ಉಸಿರು ಚಳಿಗೆ ಬೆಳ್ಳಗಾಗಿ, ಗೇಣುದ್ದ ಹೋಗಿ, ಕರಗುತ್ತಿತ್ತು. ಮತ್ತೆ ಇನ್ನೊಂದು ಗೇಣು. ನೋರಾ ಕಿಟಕಿ ಎತ್ತಿ ತಲೆ ಹೊರಹಾಕಿದಳು.

“ಗ್ಲೆನಿಸ್! ನೋಡೇ, ಈಗ ಯಂತ್ರಾನೂ ಇಲ್ದೆ ಬಿಡ್ತಿದಾನೆ!”

ಗ್ಲೆನಿಸ್ ನೋರಾಳನ್ನು ನೋಡಿದಳು. ಅರವತ್ಮೂರು ಸಹಿಗಳಲ್ಲಿ ಎರಡು ಅಲ್ಲಿ ಕಿಟಕಿಯಲ್ಲಿದ್ದವು.

“ಹೇಗಿದ್ದೀಯೋ ವಿಲ್ಫ್?” ಎಂದು ನೋರಾ ಕೂಗಿದಳು.

ವಿಲ್ಫ್ ತಲೆ ಎತ್ತಿದ. ಬಾಯಿ ತೆರೆದ. ಆ ಉತ್ತರಕ್ಕೆ ಬೇಕಾದಷ್ಟು ಉಸಿರೂ ಇರಲಿಲ್ಲ. ಹೆಂಡತಿಯ ಮುಖ ನೋಡಿದ.

“ಚೆನ್ನಾಗಿದಾನೆ ನೋರಾ,” ಅಂದಳು ಗ್ಲೆನಿಸ್, ಅವನ ಕಂಕುಳಿಗೆ ಹೆಗಲು ಕೊಡುತ್ತ. “ಸರ್ಕಾರವೇ ಬರೆದು ಕೊಟ್ಟಿದೆ.”